ಕೋಟಾ ದಿಲ್ಲಿಯದು, ಹೊಲ ಉಡಿಗಾಲದ್ದು: ಕೇಳಿದ್ದು ಯಾರನ್ನ?

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದವರು ಪುಣ್ಯವಂತರು. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಕೊನೆಯ ವಾರ, ಉಡಿಗಾಲದ ಆಸುಪಾಸಿನಿಂದ ಹಿಡಿದು ಗುಂಡ್ಲುಪೇಟೆ ಸೀಮೆವರೆಗೂ ಸೂರ್ಯಕಾಂತಿ ಹೊಲಗಳು ಹಳದಿ ಬಳಿದ ಹಾಗೆ ನಿಂತಿರುತ್ತವೆ. ಗುಂಡ್ಲುಪೇಟೆಯ ಆಚೆ ಕೇರಳದ ಕಾರುಗಳು ರಸ್ತೆ ಬದಿ ಸಾಲುಗಟ್ಟಿ, ಹೆಂಗಸರು ಮಕ್ಕಳು ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುವುದು ವರ್ಷ ವರ್ಷದ ಜಾತ್ರೆ. ಹೊಲಕ್ಕೆ ಇಳಿಯೋದಕ್ಕೆ ಇಷ್ಟು ಅಂತ ದುಡ್ಡು ಕೇಳುವ ರೈತರೂ ಉಂಟು. ಕೇಳಲಿ ಬಿಡಿ. ಬೀಜಕ್ಕೆ ಬೆಲೆ ಸಿಗುವ ಭರವಸೆ ಇಲ್ಲದ ಮೇಲೆ ಹೂವಿನ ಅಂದಕ್ಕಾದರೂ ನಾಲ್ಕು ಕಾಸು ಹುಟ್ಟಿದರೆ ಯಾರ ಗಂಟೇನು ಹೋಯ್ತು?

ಹೂವು ಹೀಗೆ ಬಿರಿದು ನಿಲ್ಲುವ ಕಾಲದಲ್ಲೇ, 2024ರ ಜೂನ್ 26ರಂದು, ದಿಲ್ಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಒಂದು ಕಾಗದ ಹೊರಬಿತ್ತು. ಅದರಲ್ಲಿ ನಾಲ್ಕು ಸಾಮಾನಿನ ಹೆಸರು. ಕಚ್ಚಾ ಸೂರ್ಯಕಾಂತಿ ಎಣ್ಣೆ 1.5 ಲಕ್ಷ ಟನ್. ಮುಸುಕಿನ ಜೋಳ ಹತ್ತಿರ ಹತ್ತಿರ 5 ಲಕ್ಷ ಟನ್. ಹಾಲಿನ ಪುಡಿ 10 ಸಾವಿರ ಟನ್. ಸಾಸಿವೆ ಜಾತಿಯ ಶುದ್ಧೀಕರಿಸಿದ ಎಣ್ಣೆ 1.5 ಲಕ್ಷ ಟನ್. ಇಷ್ಟನ್ನು ರಿಯಾಯಿತಿ ಸುಂಕದಲ್ಲಿ ಹೊರದೇಶದಿಂದ ತರಿಸಿಕೊಳ್ಳಬಹುದು ಅನ್ನೋದು ಕಾಗದದ ಸಾರಾಂಶ.

ಸಾಸಿವೆ ಎಣ್ಣೆ ಉತ್ತರದವರ ತಾಪತ್ರಯ. ಮಿಕ್ಕ ಮೂರೂ ಉಡಿಗಾಲದಂಥ ಊರುಗಳ ಹೊಲಕ್ಕೆ, ಕೊಟ್ಟಿಗೆಗೆ ಸೇರಿದವು. ಒಂದೇ ಹಾಳೆಯಲ್ಲಿ ಸೂರ್ಯಕಾಂತಿ, ಜೋಳ, ಹಾಲು! ನಮ್ಮ ಊರಿನ ಪಹಣಿ ನೋಡಿಕೊಂಡೇ ಬರೆದರೋ ಅನ್ನುವ ಹಾಗಿದೆ. ಆದರೆ ಊರಿನ ಯಾರನ್ನೂ ಕೇಳಿ ಬರೆದದ್ದಲ್ಲ.

ಡಿಪೋ ಲೆಕ್ಕದಲ್ಲೇ ಹೇಳೋದಾದ್ರೆ

ಕೋಟಾ ಅಂದರೆ ಏನು ಮಹಾ? ನ್ಯಾಯಬೆಲೆ ಡಿಪೋ ಇಟ್ಟವರಿಗೆ ಬಿಡಿಸಿ ಹೇಳಬೇಕಾದ್ದೇ ಇಲ್ಲ. ಕಾರ್ಡಿಗೆ ಇಷ್ಟು ಕೆಜಿ ಕಮ್ಮಿ ಬೆಲೆಗೆ, ಅದರ ಮೇಲೆ ಬೇಕಾದರೆ ಅಂಗಡಿ ಬೆಲೆಗೆ. ದೇಶದ ಬಾಗಿಲಲ್ಲೂ ಇದೇ ಲೆಕ್ಕ. ಇಷ್ಟು ಟನ್ನಿನವರೆಗೆ ಕಮ್ಮಿ ಸುಂಕ, ಅದು ಮೀರಿದರೆ ಪೂರ್ತಿ ಸುಂಕ. ಸುಂಕ ದರದ ಕೋಟಾ ಅಂತ ಇದಕ್ಕೆ ಹೆಸರು. ಡಿಪೋದಲ್ಲಿ ಕಾರ್ಡು ಬಡವನ ಕೈಲಿರುತ್ತೆ, ಇಲ್ಲಿ ಕಾರ್ಡು ಆಮದುದಾರನ ಕೈಲಿ. ವ್ಯತ್ಯಾಸ ಅಂದರೆ ಅಷ್ಟೇ.

ಈ ಕೋಟಾ ನಿನ್ನೆ ಮೊನ್ನೆಯದಲ್ಲ. ಹಿಂದೆ ಗ್ಯಾಟ್ ಒಪ್ಪಂದದ ಕಾಲದಲ್ಲಿ ಭಾರತ ಹಾಲಿನ ಪುಡಿಗೆ, ಮುಸುಕಿನ ಜೋಳಕ್ಕೆ ಸುಂಕ ಸೊನ್ನೆ ಅಂತ ಬರೆದುಕೊಟ್ಟಿತ್ತು. ಆಗ ಆಮದಿಗೇ ಸರ್ಕಾರದ ಅಡ್ಡಗೋಡೆ ಇದ್ದುದರಿಂದ ಸೊನ್ನೆ ಅಂದರೂ ನಡೀತಿತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅಮೆರಿಕ ಅಲ್ಲಿ ದಾವೆ ಹೂಡಿ ಗೆದ್ದ ಮೇಲೆ 2000ದ ಏಪ್ರಿಲ್ 1 ಮತ್ತು 2001ರ ಏಪ್ರಿಲ್ 1, ಹೀಗೆ ಎರಡು ಕಂತಿನಲ್ಲಿ ಒಟ್ಟು 1,400ಕ್ಕೂ ಮಿಕ್ಕಿದ ಸಾಮಾನುಗಳ ಅಡ್ಡಗೋಡೆ ಬಿತ್ತು. ಗೋಡೆ ಬೀಳೋ ಮುಂಚೆ ಸೊನ್ನೆಯನ್ನು ತಿದ್ದಿಕೊಳ್ಳದೆ ಗತಿ ಇರಲಿಲ್ಲ. ದಿಲ್ಲಿಯವರು ಮತ್ತೆ ಮಾತುಕತೆಗೆ ಕೂತು, ಹಾಲಿನ ಪುಡಿಯ ಸುಂಕವನ್ನು ಶೇಕಡ 60ರವರೆಗೆ ಏರಿಸಿಕೊಳ್ಳುವ ಹಕ್ಕು ಸಂಪಾದಿಸಿದರು. ಬದಲಿಗೆ ವರ್ಷಕ್ಕೆ 10 ಸಾವಿರ ಟನ್ನಿಗೆ ಶೇಕಡ 15ರ ಸುಂಕದಲ್ಲಿ ಬಾಗಿಲು ತೆರೆದಿಡುತ್ತೇವೆ ಅಂತ ಒಪ್ಪಿಕೊಂಡರು. ಜೋಳದ್ದೂ ಹೆಚ್ಚು ಕಮ್ಮಿ ಇದೇ ಕತೆ. ಸೂರ್ಯಕಾಂತಿ ಎಣ್ಣೆಯ 1.5 ಲಕ್ಷ ಟನ್ನೂ ಅದೇ ಚೌಕಾಸಿಯಲ್ಲಿ ಸೇರಿಕೊಂಡಿತು.

ಚೌಕಾಸಿ ಕೆಟ್ಟದ್ದೇನಲ್ಲ. ಸೊನ್ನೆಯಿಂದ 60ಕ್ಕೆ ಏರಿಸಿಕೊಂಡವರನ್ನು ಬೈಯುವಂತಿಲ್ಲ. ಆದರೆ ಆ ಚೌಕಾಸಿಗೆ ಬಿಟ್ಟುಕೊಟ್ಟ ಟನ್ನುಗಳು ಯಾರ ಹೊಲದ್ದು ಅನ್ನೋ ಪ್ರಶ್ನೆಯನ್ನು ಅವತ್ತೂ ಯಾರೂ ಊರ ಚಾವಡಿಗೆ ತರಲಿಲ್ಲ, ಇವತ್ತೂ ತಂದಿಲ್ಲ.

ಒಂದು ಗುಣಾಕಾರ

1.5 ಲಕ್ಷ ಟನ್ ಎಣ್ಣೆ ಅಂದರೆ ಎಷ್ಟು? ಗಾಣದವರನ್ನು ಕೇಳಿದರೆ ಸಾಕು. ಕ್ವಿಂಟಲ್ ಬೀಜಕ್ಕೆ 35 ಕೆಜಿ ಎಣ್ಣೆ ಅಂತ ಹಿಡಿಯಿರಿ, ಚೆನ್ನಾಗಿ ಬಲಿತ ಬೀಜವಾದರೆ ಇನ್ನೊಂದು ನಾಲ್ಕು ಕೆಜಿ. ಆ ಲೆಕ್ಕದಲ್ಲಿ 1.5 ಲಕ್ಷ ಟನ್ ಎಣ್ಣೆಗೆ 4 ಲಕ್ಷ ಟನ್ನಿಗೂ ಮಿಕ್ಕಿ ಬೀಜ ಬೇಕು. ಇತ್ತೀಚಿನ ಎಷ್ಟೋ ವರ್ಷ ಇಡೀ ದೇಶದ ಸೂರ್ಯಕಾಂತಿ ಬೆಳೆಯೇ ಅಷ್ಟು ಬಂದಿಲ್ಲ. ಕರ್ನಾಟಕವೇ ಈ ಬೆಳೆಯಲ್ಲಿ ಮುಂದಿರುವ ರಾಜ್ಯ ಅನ್ನೋದನ್ನೂ ನೆನಪಿಡಿ. ಒಂದು ಹಾಳೆಯ ಒಂದು ಸಾಲಿನ ಕೋಟಾ, ದೇಶದ ಹೊಲಗಳನ್ನೆಲ್ಲ ಒಟ್ಟು ಮಾಡಿದ್ದಕ್ಕಿಂತ ದೊಡ್ಡದು!

ಹೀಗೇ ಇತ್ತೆ ಯಾವಾಗಲೂ? ಇಲ್ಲ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಮಿಷನ್ ಶುರು ಮಾಡಿದ ಮೇಲೆ ಸೂರ್ಯಕಾಂತಿ ಹೊಲ ಹೊಲಕ್ಕೂ ಹಬ್ಬಿತು. 1990ರ ದಶಕದ ಮೊದಲ ಭಾಗದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್ ಮೀರಿ ಬಿತ್ತನೆ ಇತ್ತು. 1994ರಲ್ಲಿ ಪಾಮೋಲಿನ್‌ಗೆ, 1995ರಲ್ಲಿ ಮಿಕ್ಕ ಎಣ್ಣೆಗಳಿಗೆ ಬಾಗಿಲು ತೆರೆಯಿತು. ಆ ಮೇಲೆ ಸುಂಕ ಇಳಿದು ಇಳಿದು, ಬಿತ್ತನೆಯೂ ಇಳಿದು, ಇವತ್ತು ಆಗಿನದರಲ್ಲಿ ಹತ್ತರಲ್ಲಿ ಒಂದೆರಡು ಪಾಲಿಗೆ ಬಂದು ಕೂತಿದೆ. ಸುಂಕವೊಂದೇ ಕಾರಣ ಅಂದರೆ ಸುಳ್ಳಾಗುತ್ತೆ. ರೋಗ, ಗಿಳಿ ಕಾಟ, ಬೀಜದ ಗುಣ, ಜೋಳಕ್ಕೆ ಸಿಕ್ಕ ಬೆಲೆ ಎಲ್ಲವೂ ಇವೆ. ಆದರೆ ಬೆಲೆ ನಿಂತಿದ್ದರೆ ರೈತ ಗಿಳಿಯನ್ನು ಓಡಿಸುತ್ತಿದ್ದ.

ಅಂಗಡಿಯವರ ಮಾತನ್ನೂ ಕೇಳಬೇಕು. ಸೂರ್ಯಕಾಂತಿ ಎಣ್ಣೆಯಲ್ಲಿ ವರ್ಷಕ್ಕೆ 30 ಲಕ್ಷ ಟನ್ನಿನ ಆಸುಪಾಸು ಹೊರಗಿನಿಂದಲೇ ಬರಬೇಕು. ರಷ್ಯಾ, ಯುಕ್ರೇನ್, ಅರ್ಜೆಂಟೀನಾ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಹತ್ತಿಕೊಂಡಾಗ ಪ್ಯಾಕೆಟ್ ಎಣ್ಣೆಯ ದರ ನೋಡಿ ಹೋಟೆಲಿನವರು ಬೋಂಡದ ಗಾತ್ರ ಇಳಿಸಿದ್ದು ಯಾರಿಗೆ ಮರೆತೀತು? ಆಗ ಬಾಗಿಲು ತೆರೆಯಬೇಡಿ ಅಂದಿದ್ದರೆ ಗಿರಾಕಿಗಳೇ ಜಗಳಕ್ಕೆ ಬರುತ್ತಿದ್ದರು. ಆದ್ದರಿಂದ ಎಣ್ಣೆ ತರಬೇಡಿ ಅನ್ನೋ ವಾದ ಇಲ್ಲಿಲ್ಲ. ಎಷ್ಟು ತರಬೇಕು, ಯಾವಾಗ ತರಬೇಕು ಅನ್ನೋದನ್ನು ಬೆಳೆಯುವವನಿಗೂ ಒಂದು ಮಾತು ಕೇಳಿ ಅನ್ನೋದಷ್ಟೇ ವಾದ. ಅದರಲ್ಲೂ ಈ 'ಯಾವಾಗ' ಅನ್ನೋದು ಇದೆಯಲ್ಲ, ಕುತ್ತಿಗೆ ಹಿಡಿಯೋದು ಅದೇ.

ಮಳೆ ಲೆಕ್ಕ ಬೇರೆ, ದಿಲ್ಲಿ ಲೆಕ್ಕ ಬೇರೆ

ನಮ್ಮ ಸೀಮೆಯಲ್ಲಿ ಸೂರ್ಯಕಾಂತಿ ಭರಣಿ, ಕೃತ್ತಿಕೆ ಮಳೆಯ ಹದ ನೋಡಿ ಬಿತ್ತುವ ಬೆಳೆ. ತೊಂಬತ್ತು ನೂರು ದಿನಕ್ಕೆ ಕೊಯ್ಲು. ಆಶ್ಲೇಷ, ಮಖೆ ಮಳೆ ಹೊತ್ತಿಗೆ, ಅಂದರೆ ಆಗಸ್ಟ್‌ನಲ್ಲಿ ಬೀಜ ಬಡಿದು ಚೀಲಕ್ಕೆ ತುಂಬಿ ಆಗಿರಬೇಕು. ಮನೆಯಲ್ಲಿ ಮಡಗಿ ಬೆಲೆ ಕಾಯುವಷ್ಟು ಜಾಗವಾಗಲೀ ತಾಳ್ಮೆಯಾಗಲೀ ಸಾಲಗಾರ ರೈತನಿಗೆ ಇರೋದಿಲ್ಲ. ಮುಂದಿನ ಬೆಳೆಗೆ ಗೊಬ್ಬರ ಬೇಕು, ಬೀಜ ಬೇಕು, ಮಕ್ಕಳ ಫೀಸು ಬೇಕು.

ಈಗ ದಿಲ್ಲಿಯ ದಿನಾಂಕಗಳನ್ನು ಈ ಮಳೆ ಲೆಕ್ಕದ ಪಕ್ಕ ಇಟ್ಟು ನೋಡೋಣ.

2022ರ ಮೇ 24. ಕಚ್ಚಾ ಸೂರ್ಯಕಾಂತಿ ಎಣ್ಣೆ 20 ಲಕ್ಷ ಟನ್, ಕಚ್ಚಾ ಸೋಯಾ ಎಣ್ಣೆ 20 ಲಕ್ಷ ಟನ್, ಎರಡು ವರ್ಷ, ವರ್ಷ ವರ್ಷವೂ ಸುಂಕವಿಲ್ಲದೆ ತರಬಹುದು ಅಂತ ಆದೇಶ. ರೋಹಿಣಿ ಮಳೆ ಹುಟ್ಟೋ ಹೊತ್ತು. ಬಿತ್ತಿದವರು ಬಿತ್ತಿ ಆಗಿತ್ತು. ಕೋಟಾಕ್ಕೆ ದಿಲ್ಲಿಯಲ್ಲಿ ಅರ್ಜಿ ಹಾಕಿದವರು ಎಣ್ಣೆ ಶುದ್ಧೀಕರಿಸುವ ಕಂಪನಿಗಳು. ಎರಡನೇ ವರ್ಷಕ್ಕೆ ಸರ್ಕಾರವೇ ಆ ಕೋಟಾ ಕೈಬಿಟ್ಟಿತು. ಆದರೆ 2023ರ ಜೂನ್ ಹೊತ್ತಿಗೆ ಹರಿಯಾಣದ ಶಾಹಬಾದ್‌ನಲ್ಲಿ ರೈತರು ಸೂರ್ಯಕಾಂತಿಗೆ ಬೆಂಬಲ ಬೆಲೆ 6,400 ರೂ. ಕೊಡಿಸಿ ಅಂತ ಹೆದ್ದಾರಿಗೇ ಇಳಿದಿದ್ದರು.

2024ರ ಜೂನ್ 26. ಮೇಲೆ ಹೇಳಿದ ನಾಲ್ಕು ಸಾಮಾನಿನ ಕಾಗದ. ಆರಿದ್ರಾ ಮಳೆ, ಹೂವು ಬಿರಿಯುವ ಕಾಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಕಚ್ಚಾ ಎಣ್ಣೆಗೆ ಇದ್ದ ಸುಂಕವೇ ಒಟ್ಟು ಶೇಕಡ 5.5. ಹಾಗಾಗಿ ಕೋಟಾದಿಂದ ಹೊಸದಾಗಿ ಆಕಾಶವೇನೂ ತಲೆ ಮೇಲೆ ಬೀಳಲಿಲ್ಲ. ಆಕಾಶ ಅದಾಗಲೇ ಬಿದ್ದಿತ್ತು.

2024ರ ಸೆಪ್ಟೆಂಬರ್ 14. ರೈತರಿಗೆ ಅನುಕೂಲವಾಗಲಿ ಅಂತ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಸೊನ್ನೆಯಿಂದ ಶೇಕಡ 20ಕ್ಕೆ ಏರಿಸಿದರು. ಎಲ್ಲ ಸೇರಿ ಶೇಕಡ 27.5. ಭೇಷ್ ಅನ್ನಬೇಕಾದ ಕೆಲಸವೇ. ಆದರೆ ದಿನ ನೋಡಿ ಸ್ವಾಮಿ. ಉತ್ತರೆ ಮಳೆ. ಮುಂಗಾರಲ್ಲಿ ಬಿತ್ತಿದವರ ಬೀಜ ಆ ಹೊತ್ತಿಗೆ ಯಾರ ಗೋದಾಮಿನಲ್ಲಿರುತ್ತೆ ಅಂತ ಎಪಿಎಂಸಿ ಯಾರ್ಡಿನ ಹಮಾಲಿಯೂ ಹೇಳಬಲ್ಲ. ಏರಿದ ಬೆಲೆಯ ಲಾಭ ಹಿಡಿಯೋದು ಮಾರಿದವನಲ್ಲ, ಮಡಗಿಕೊಂಡವನು.

2025ರ ಮೇ 30. ಮೂಲ ಸುಂಕ ಮತ್ತೆ ಶೇಕಡ 10ಕ್ಕೆ ಇಳಿಯಿತು, ಒಟ್ಟು 16.5. ಮತ್ತೆ ರೋಹಿಣಿ ಮಳೆ, ಮತ್ತೆ ಬಿತ್ತಿ ಆದ ಮೇಲೆ. ಹೋದ ಸಲದ ಸುಂಕ ನಂಬಿ ಈ ಸಲ ಎರಡು ಎಕರೆ ಹೆಚ್ಚು ಬಿತ್ತೋಣ ಅಂತ ಹೊರಟವನ ಕೈಗೆ ಸಿಕ್ಕಿದ್ದು ಇದು.

ನಾಲ್ಕು ದಿನಾಂಕ, ನಾಲ್ಕೂ ಸಲ ಮಳೆ ಲೆಕ್ಕಕ್ಕೆ ಅಡ್ಡ. ಯಾರೋ ಬೇಕಂತಲೇ ಮಾಡಿದ್ದು ಅನ್ನೋದಕ್ಕೆ ಆಗೋದಿಲ್ಲ. ಅಂಗಡಿ ಬೆಲೆ ಏರಿದಾಗ ಇಳಿಸೋದು, ಇಳಿದಾಗ ಏರಿಸೋದು ದಿಲ್ಲಿಯ ರೂಢಿ. ಬಿತ್ತನೆ ಯಾವಾಗ, ಕೊಯ್ಲು ಯಾವಾಗ ಅನ್ನೋ ಮಾತು ಆ ಕೋಣೆಯೊಳಗೆ ಆಡಬೇಕಾದವನು ಹೊರಗೇ ಉಳಿದಿದ್ದಾನೆ. ಕಾಗದದ ಮೇಲೆ ಬೆಂಬಲ ಬೆಲೆಗೇನೂ ಕಮ್ಮಿ ಇಲ್ಲ: 2023-24ಕ್ಕೆ ಕ್ವಿಂಟಲ್‌ಗೆ 6,760 ರೂ., 2024-25ಕ್ಕೆ 7,280, 2025-26ಕ್ಕೆ 7,721. ಖರೀದಿ ಕೇಂದ್ರ ತೆರೆಯಲು ದಿಲ್ಲಿಯ ಒಪ್ಪಿಗೆ ಬೇಕು. 2024ರಲ್ಲಿ ಆ ಒಪ್ಪಿಗೆ ಬಂದದ್ದು ಆಗಸ್ಟ್‌ನಲ್ಲಿ. ಒಪ್ಪಿಗೆ ಬಂದು, ನೋಂದಣಿ ಆಗಿ, ಚೀಲ ಬಂದು, ತೂಕ ಆಗುವವರೆಗೆ ಬೀಜ ಕಾಯಬೇಕು, ಸಾಲಗಾರ ಕಾಯಬೇಕು.

ಹಾಲಿನವರ ಮಾತು ಕೇಳಿದ್ದು ಹೇಗೆ?

ಹಾಲಿನ ಕತೆ ಬೇರೆ. ಅದನ್ನು ಕೊಂಚ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕೇಳಿಸಿಕೊಳ್ಳುವ ಹಾಗೆ ಕೂಗೋದು ಹೇಗೆ ಅನ್ನೋದು ಅಲ್ಲಿದೆ.

ಮೊದಲು ಒಂದು ವಿಚಿತ್ರ. ಹಾಲಿನ ಪುಡಿಯ 10 ಸಾವಿರ ಟನ್ ಕೋಟಾ ತೆರೆದದ್ದು 2024ರ ಜೂನ್ 26ರಂದು ಅಂದೆವಲ್ಲ, ಅದೇ ಜೂನ್ 26ರಿಂದ ಬೆಂಗಳೂರಿನ ಕೆಎಂಎಫ್ ನಂದಿನಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಹೆಚ್ಚು ತುಂಬಿ 2 ರೂ. ಹೆಚ್ಚಿಗೆ ತೆಗೆದುಕೊಳ್ಳಲು ಶುರು ಮಾಡಿತು. ಕಾರಣ? ದಿನದ ಹಾಲು ಸಂಗ್ರಹ 1 ಕೋಟಿ ಲೀಟರ್ ಹತ್ತಿರ ಬಂದಿತ್ತು, ಹಾಲು ಹೆಚ್ಚಾಗಿತ್ತು. ಇಲ್ಲಿ ಹಾಲು ಖರ್ಚು ಮಾಡಲು ಪ್ಯಾಕೆಟ್ ದೊಡ್ಡದು ಮಾಡುತ್ತಿದ್ದರೆ ಅಲ್ಲಿ ಪುಡಿ ತರಲು ಬಾಗಿಲು ತೆರೆಯುತ್ತಿದ್ದರು. ಒಂದೇ ದಿನ! ಕೋಟಾ ಇದ್ದ ಮಾತ್ರಕ್ಕೆ ಪುಡಿ ಬಂದೇ ಬಿಡುತ್ತೆ ಅಂತಲ್ಲ. ಹಾಲಿನ ಪುಡಿ ಕೋಟಾ ಸಿಕ್ಕ ಸಿಕ್ಕವರಿಗೆ ಸಿಗೋದಿಲ್ಲ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ, ನಾಫೆಡ್, ಎಸ್‌ಟಿಸಿ ಮುಂತಾದ ಕೆಲವೇ ಸಂಸ್ಥೆಗಳಿಗೆ ಮಾತ್ರ. ಕೀಲಿಕೈ ಹಾಲಿನವರ ಕೈಯಲ್ಲೂ ಒಂದು ಇದೆ ಅಂತಾಯ್ತು. ಸೂರ್ಯಕಾಂತಿ ಬೆಳೆದವನ ಕೈಯಲ್ಲಿ ಇಲ್ಲ.

2019ರಲ್ಲಿ ಆರ್‌ಸಿಇಪಿ ಅನ್ನೋ ದೊಡ್ಡ ಒಪ್ಪಂದ ಬಂತು. ಹದಿನಾರು ದೇಶಗಳು, ಅದರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕೂಡ. ನ್ಯೂಜಿಲೆಂಡಿನ ಹಾಲಿನ ಪುಡಿ ಒಳಗೆ ಬಂದರೆ ಎರಡು ಹಸು ಕಟ್ಟಿದವರ ಗತಿ ಏನು ಅನ್ನೋ ಭಯ ಹಳ್ಳಿ ಡೈರಿಯ ಕ್ಯಾನ್ ಪಕ್ಕದಲ್ಲೇ ಹುಟ್ಟಿತು. ಹಾಲಿಗೆ ಒಂದು ಏಣಿ ಇದೆ. ಊರಿನಲ್ಲಿ ಹಾಲು ಉತ್ಪಾದಕರ ಸಂಘ, ಅದರ ಮೇಲೆ ಕುದೇರಿನ ಚಾಮುಲ್, ಅದರ ಮೇಲೆ ಕೆಎಂಎಫ್. ಬೆಳಿಗ್ಗೆ ಸಂಜೆ ಹಾಲು ಅಳೆಯುವ ಹೆಂಗಸಿನ ಹೆಸರು ಒಂದು ಪುಸ್ತಕದಲ್ಲಿದೆ, ಆ ಪುಸ್ತಕದ ಲೆಕ್ಕ ಮೇಲಿನ ಪುಸ್ತಕದಲ್ಲಿದೆ. ಆ ಏಣಿ ಹತ್ತಿ ಭಯ ದಿಲ್ಲಿಗೆ ಹೋಯಿತು. ಗುಜರಾತಿನ ಅಮುಲ್‌ನವರೂ ಕೂಗಿದರು, ರೈತ ಸಂಘದವರು ಬೀದಿಗಿಳಿದರು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಒಪ್ಪಂದದಿಂದ ಹಿಂದೆ ಸರಿಯಿತು. ಹಾಲೊಂದೇ ಕಾರಣ ಅಲ್ಲ, ಚೀನಾದ ಸಾಮಾನಿನ ಭಯವೂ ದೊಡ್ಡದಿತ್ತು. ಆದರೂ ಹಾಲಿನವರ ಮಾತು ಆ ಕೋಣೆಯೊಳಕ್ಕೆ ಹೋಯಿತು ಅನ್ನೋದನ್ನು ಅಲ್ಲಗಳೆಯುವ ಹಾಗಿಲ್ಲ. 2025ರ ಜುಲೈ 24ರಂದು ಬ್ರಿಟನ್ ಜತೆ ಸಹಿ ಹಾಕಿದ ಒಪ್ಪಂದದಲ್ಲೂ ಹಾಲಿನ ಪದಾರ್ಥವನ್ನು ಹೊರಗಿಟ್ಟರು. ಖಾದ್ಯ ತೈಲವನ್ನೂ ಹೊರಗಿಟ್ಟರು ಅನ್ನಿ. ಆದರೆ ಸೂರ್ಯಕಾಂತಿ ಎಣ್ಣೆ ನಮಗೆ ಬರೋದು ಬ್ರಿಟನ್‌ನಿಂದ ಅಲ್ಲವಲ್ಲ!

ಜೋಳದ ಮಾತೂ ಒಂದಿಷ್ಟು. ಕೋಳಿ ಫಾರಂನವರಿಗೆ ಸಂಘ ಇದೆ, ಗಂಜಿಪುಡಿ ಕಾರ್ಖಾನೆಯವರಿಗೆ ಸಂಘ ಇದೆ. ಎಥನಾಲ್‌ಗೆ ಜೋಳ ಹೋಗಿ ಬೆಲೆ ಏರಿದಾಗ ಸುಂಕವಿಲ್ಲದೆ ಜೋಳ ತರಿಸಿ ಅಂತ ಅವರು ಬಹಿರಂಗವಾಗಿಯೇ ಕೇಳಿದರು. ಕೇಳುವುದು ಅವರ ಹಕ್ಕು. 2025ರ ನವೆಂಬರ್‌ನಲ್ಲಿ ಜೋಳದ ಬೆಲೆ ಕ್ವಿಂಟಲ್‌ಗೆ 2,400 ರೂ. ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿದ್ದು ಗದಗ ಸೀಮೆಯ ರೈತರು ಬೀದಿಯಲ್ಲಿ ಕೂರಬೇಕಾಯಿತು. ಬೆಳೆದವನಿಗೆ ಕೋಣೆ ಇಲ್ಲ, ಬೀದಿಯೇ ಗತಿ.

ಈರುಳ್ಳಿಯ ಚೀಟಿ

ಇದು ಒಳಗೆ ಬರುವ ಸಾಮಾನಿನ ಮಾತಾಯಿತು. ಹೊರಗೆ ಹೋಗುವುದಕ್ಕೂ ಕೋಟಾ ಉಂಟು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಸಾಂಬಾರ್ ಈರುಳ್ಳಿ ಬೆಳೆಗಾರರು ಇದನ್ನು ಬಲ್ಲರು.

2020ರ ಸೆಪ್ಟೆಂಬರ್ 14ರಂದು ಈರುಳ್ಳಿ ರಫ್ತು ನಿಂತಿತು. ಬಂದರಿಗೆ ಹೊರಟ ಲಾರಿಗಳು ದಾರಿಯಲ್ಲೇ ನಿಂತವು. ಅಕ್ಟೋಬರ್ 9ರಂದು ಸ್ವಲ್ಪ ಸಡಿಲ: ಬೆಂಗಳೂರು ಗುಲಾಬಿ ಈರುಳ್ಳಿ 10 ಸಾವಿರ ಟನ್, ಆಂಧ್ರದ ಕೃಷ್ಣಾಪುರಂ ಈರುಳ್ಳಿ 10 ಸಾವಿರ ಟನ್, ಮದರಾಸು ಬಂದರಿನಿಂದ ಮಾತ್ರ, 2021ರ ಮಾರ್ಚ್ 31ರವರೆಗೆ. ಗುಲಾಬಿ ಈರುಳ್ಳಿಗೆ ನಮ್ಮ ರಾಜ್ಯದ ತೋಟಗಾರಿಕೆ ಆಯುಕ್ತರ ಚೀಟಿ ಬೇಕು, ಇದು ಗುಲಾಬಿಯೇ, ಇಷ್ಟೇ ತೂಕ ಅಂತ. ಹೆಸರು ಎರಡೇ. ಸಾಂಬಾರ್ ಈರುಳ್ಳಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಯಾಕಿಲ್ಲ? ಗುಲಾಬಿ ಈರುಳ್ಳಿ ಬೆಳೆಯುವ ಚಿಕ್ಕಬಳ್ಳಾಪುರ, ಕೋಲಾರದವರು ವರ್ಷಗಟ್ಟಲೆ ಕೂಗಿ ತಮ್ಮ ಬೆಳೆಗೆ ಬೇರೆ ಹೆಸರು, ಬೇರೆ ಗುರುತು ಸಂಪಾದಿಸಿದ್ದರು. 2015ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತ್ತು. ಇಲ್ಲಿ ಯಾರೂ ಜನ ಊಟಕ್ಕೆ ಬಳಸೋ ದಪ್ಪ ಕೆಂಪು ಈರುಳ್ಳಿ ಅದಲ್ಲ, ಸಿಂಗಾಪುರ, ಮಲೇಷ್ಯಾಕ್ಕೆ ಅಂತಲೇ ಬೆಳೆದದ್ದು ಅನ್ನೋ ಅವರ ವಾದ ನ್ಯಾಯವಾದದ್ದೇ. 2023ರ ಆಗಸ್ಟ್ 19ರಂದು ಎಲ್ಲ ಈರುಳ್ಳಿಗೂ ಶೇಕಡ 40 ರಫ್ತು ಸುಂಕ ಬಿದ್ದಾಗ, ಸೆಪ್ಟೆಂಬರ್ 29ರಂದು ಗುಲಾಬಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದೇ ಚೀಟಿ, ಅದೇ ಆಯುಕ್ತರು. ಜಗತ್ತಿನ ಸುಂಕದ ಪುಸ್ತಕದಲ್ಲಿ ದಪ್ಪ ಈರುಳ್ಳಿ, ಸಣ್ಣ ಈರುಳ್ಳಿ ಎರಡಕ್ಕೂ 070310 ಅನ್ನೋ ಒಂದೇ ನಂಬರು. ನಂಬರು ಒಂದಾದ ಮೇಲೆ ಬೇರೆ ಅಂತ ತೋರಿಸಿಕೊಳ್ಳಲು ಯಾರಾದರೂ ಬಾಯಿ ಬಿಡಬೇಕು. ತಮಿಳುನಾಡಿನ ಸಣ್ಣ ಈರುಳ್ಳಿ ಬೆಳೆಗಾರರು ಬಿಟ್ಟಿದ್ದಾರೆ. ನಮ್ಮವರು ಲಾರಿ ಹೊರಡೋ ಚಿಂತೆಯಲ್ಲೇ ಇದ್ದಾರೆ. ಅದಕ್ಕೂ ಕಾರಣ ಇದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ಕ್ಕೆ ಗೇಟು, ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ತಡೆ. ಕೊಳೆಯೋ ಸಾಮಾನು ಹೊತ್ತವನಿಗೆ ದಿಲ್ಲಿಗಿಂತ ಮದ್ದೂರು ಚೆಕ್‌ಪೋಸ್ಟೇ ದೊಡ್ಡದು.

2025ರ ಏಪ್ರಿಲ್ 1ರಿಂದ ಈರುಳ್ಳಿಯ ರಫ್ತು ಸುಂಕ ತೆಗೆದುಹಾಕಿದರು. ಅಂಗಡಿ ಬೆಲೆ ಏರಿದ ದಿನ ಮತ್ತೆ ಬರೋದಿಲ್ಲ ಅಂತ ಬರೆದುಕೊಟ್ಟವರು ಯಾರೂ ಇಲ್ಲ.

ಕೇಳುತ್ತೇವೆ ಅಂತ ಈಗ ಬರೆದಿದ್ದಾರೆ

ಇಷ್ಟಕ್ಕೂ ಕೇಳಲೇಬೇಕು ಅನ್ನೋ ನಿಯಮ ಉಂಟೆ? ಹೊರದೇಶದ ವ್ಯಾಪಾರ ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದ್ದು, ಬೇಸಾಯ ರಾಜ್ಯದ ಪಟ್ಟಿಗೆ. ಒಪ್ಪಂದಕ್ಕೆ ಪಾರ್ಲಿಮೆಂಟಿನ ಒಪ್ಪಿಗೆಯನ್ನೂ ಮೊದಲು ಪಡೆಯಬೇಕಾಗಿಲ್ಲ. ಹಾಗಾಗಿ ಇಷ್ಟು ವರ್ಷ ಕೇಳೋದು ಬಿಡೋದು ದಿಲ್ಲಿಯ ಮರ್ಜಿ.

2025ರ ಜನವರಿ 2ರಂದು ಅದೇ ಮಹಾನಿರ್ದೇಶನಾಲಯ ವಿದೇಶ ವ್ಯಾಪಾರ ನೀತಿಗೆ ಎರಡು ಪ್ಯಾರಾ ಸೇರಿಸಿತು, 1.07ಎ ಮತ್ತು 1.07ಬಿ. ಆಮದು ರಫ್ತು ನೀತಿ ಮಾಡುವಾಗ, ತಿದ್ದುವಾಗ ಸಂಬಂಧಪಟ್ಟವರ ಅಭಿಪ್ರಾಯ ಕೇಳಬೇಕು. ಅಭಿಪ್ರಾಯ ಒಪ್ಪದಿದ್ದರೆ ಕಾರಣ ತಿಳಿಸುವ ಏರ್ಪಾಡು ಇರಬೇಕು. ಒಳ್ಳೆಯ ಹೆಜ್ಜೆ, ಮೆಚ್ಚಲೇಬೇಕು. ಈಗ ಆ ಸಾಲನ್ನು ಇನ್ನೊಮ್ಮೆ ಓದಿ. ಸಂಬಂಧಪಟ್ಟವರು ಅಂದ ಮೇಲೆ ಬಿಡಿಸಿ ಹೇಳಿರುವುದು: ಆಮದುದಾರರು, ರಫ್ತುದಾರರು, ಉದ್ಯಮದ ತಜ್ಞರು. ರೈತ ಅನ್ನೋ ಮಾತು ಆ ಸಾಲಿನಲ್ಲಿಲ್ಲ. ರೈತ ಸಂಬಂಧಪಟ್ಟವನಲ್ಲ ಅಂತಲೂ ಬರೆದಿಲ್ಲ, ಅದೊಂದು ಸಮಾಧಾನ. ಜತೆಗೆ, ತುರ್ತು ಕಂಡರೆ ಯಾರನ್ನೂ ಕೇಳದೆ ತೀರ್ಮಾನ ಮಾಡುವ ಅಧಿಕಾರವನ್ನೂ ಸರ್ಕಾರ ತನ್ನ ಬಳಿಯೇ ಇಟ್ಟುಕೊಂಡಿದೆ. ಈರುಳ್ಳಿ ಬೆಲೆ ಏರಿದ ದಿನ ತುರ್ತು ಕಾಣದೆ ಇರುತ್ತೆಯೇ?

ಅಭಿಪ್ರಾಯ ಕೇಳುವ ನೋಟೀಸು ಬರೋದು ಇಲಾಖೆಯ ಜಾಲತಾಣದಲ್ಲಿ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಎಪಿಎಂಸಿಯ ಬೋರ್ಡಿಗೆ ಅಂಟಿಸಿ ಅಂತ ಯಾರೂ ಹೇಳಿಲ್ಲ. ರಾಗಿ, ಅಕ್ಕಿ ದರ ಬರೆಯುವ ಕಪ್ಪು ಹಲಗೆಯ ಮೂಲೆಯಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದರೆ ಖರ್ಚು ಒಂದು ಬಳಪದ ತುಂಡು.

ಬೇರೆಯವರು ಹೇಗೆ ಮಾಡುತ್ತಾರೆ ನೋಡಿ. ಮೇಲೆ ಹೇಳಿದ ಬ್ರಿಟನ್ ಒಪ್ಪಂದಕ್ಕೆ ಕೂರುವ ಮುಂಚೆ ಬ್ರಿಟನ್ ಸರ್ಕಾರ 2021ರ ಮೇ 25ರಿಂದ ಆಗಸ್ಟ್ 31ರವರೆಗೆ, ಹದಿನಾಲ್ಕು ವಾರ, ತನ್ನ ಜನರ ಅಭಿಪ್ರಾಯ ಕೇಳಿತ್ತು. ಭಾರತದ ಜತೆ ಏನು ಬೇಕು, ಏನು ಬೇಡ ಹೇಳಿ ಅಂತ. ನಮ್ಮ ಜತೆ ಮಾಡುವ ಒಪ್ಪಂದದ ಬಗ್ಗೆ ಅವರ ಊರಿನವರಿಗೆ ಅರ್ಜಿ ಬರೆಯಲು ಅವಕಾಶ ಸಿಕ್ಕಿತು, ನಮ್ಮ ಊರಿನವರಿಗೆ ಸಹಿ ಆದ ಮೇಲೆ ಪೇಪರು ಓದುವ ಅವಕಾಶ.

ಡಂಕೆಲ್ ಕಾಲ ನೆನಪಿದೆಯೇ?

ಈ ಸೀಮೆಗೆ ಇದೆಲ್ಲ ಹೊಸ ಮಾತಲ್ಲ. 1991ರ ಕೊನೆಯಲ್ಲಿ ಡಂಕೆಲ್ ಕರಡು ಬಂದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಹಳ್ಳಿ ಹಳ್ಳಿಯಲ್ಲಿ ಅದನ್ನು ಬಿಡಿಸಿ ಹೇಳಿತ್ತು. ಇಂಗ್ಲಿಷಿನ ದಪ್ಪ ಪುಸ್ತಕದ ಹೆಸರು ಹಸಿರು ಶಾಲಿನ ಮುದುಕರ ಬಾಯಲ್ಲೂ ಓಡಾಡುತ್ತಿತ್ತು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿ ಕಚೇರಿಗೆ ನುಗ್ಗಿದ್ದು ಸರಿಯೋ ತಪ್ಪೋ, ಬೇರೆ ಮಾತು. ಆದರೆ ಒಪ್ಪಂದ ಅಂದರೆ ಏನು ಅನ್ನೋದು ಅವತ್ತು ಊರಿಗೆ ಗೊತ್ತಿತ್ತು. ಅವರ ಕನಸಿನ ಅಮೃತ ಭೂಮಿ ಇರುವುದು ಇದೇ ತಾಲೂಕಿನ ಹೊಂಡರಬಾಳುವಿನಲ್ಲಿ. 2004ರ ಫೆಬ್ರವರಿ 3ರಂದು ಅವರು ತೀರಿಕೊಂಡರು. ಬಿಡಿಸಿ ಹೇಳುವ ಕೆಲಸ ಆಮೇಲೆ ಅಷ್ಟು ಜೋರಾಗಿ ನಡೆದದ್ದು ಕಾಣೆವು.

ಬೀದಿಯೊಂದೇ ದಾರಿಯೂ ಅಲ್ಲ. ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ಸೇರಲೇಬೇಕು. ಮನೆ, ಚರಂಡಿ, ಬೀದಿ ದೀಪದ ಜಗಳ ಮುಗಿದ ಮೇಲೆ ಐದು ನಿಮಿಷ ಉಳಿದರೆ ಒಂದು ಠರಾವು ಬರೆಯಬಹುದು: ನಮ್ಮ ಊರಿನಲ್ಲಿ ಸೂರ್ಯಕಾಂತಿ ಬಿತ್ತೋದು ಈ ತಿಂಗಳು, ಕೊಯ್ಯೋದು ಈ ತಿಂಗಳು, ಎಕರೆ ಇಷ್ಟು, ಕೋಟಾ, ಸುಂಕದ ತೀರ್ಮಾನ ಬಿತ್ತನೆಗೆ ಮೊದಲೇ ತಿಳಿಸಿ, ಕೊಯ್ಲಿನ ಎರಡು ತಿಂಗಳು ಕದಲಿಸಬೇಡಿ. ಠರಾವಿನ ಒಂದು ಪ್ರತಿ ರಾಜ್ಯದ ಕೃಷಿ ಇಲಾಖೆಗೆ, ಒಂದು ದಿಲ್ಲಿಗೆ. ದಿಲ್ಲಿ ದೂರ ಅಂದರೆ ಮಹಾನಿರ್ದೇಶನಾಲಯದ ಕಚೇರಿ ಬೆಂಗಳೂರಿನಲ್ಲೇ ಇದೆ, ಕೋರಮಂಗಲದ ಕೇಂದ್ರೀಯ ಸದನದಲ್ಲಿ. ಒಪ್ಪದಿದ್ದರೆ ಕಾರಣ ತಿಳಿಸುತ್ತೇವೆ ಅಂತ ಈಗ ಬರೆದುಕೊಂಡಿದ್ದಾರೆ. ಕಾರಣ ಏನು ಅಂತಾದರೂ ಒಂದು ಸಲ ಕೇಳಿ ನೋಡಬಹುದು.

ಬಿಡಿ ರೈತ ಬರೆದರೆ ಅರ್ಜಿ, ಹತ್ತು ಪಂಚಾಯಿತಿ ಬರೆದರೆ ಅಭಿಪ್ರಾಯ. ಉಡಿಗಾಲದ ಜತೆಗೆ ತೆರಕಣಾಂಬಿ, ಹರದನಹಳ್ಳಿ, ಬೇಗೂರು ಸೀಮೆಯವರು ಸೇರಿದರೆ ಜಾಸ್ತಿ ತೂಕ. ಹಾಲಿನ ಸಂಘದ ಕಾರ್ಯದರ್ಶಿಗಳಿಗೆ ಲೆಕ್ಕ ಬರೆದು ಮೇಲಕ್ಕೆ ಕಳಿಸುವ ಅಭ್ಯಾಸ ಇದೆ, ಅವರ ಕೈ ಬರಹವನ್ನೇ ಎರವಲು ಪಡೆಯಬಹುದು. ವರ್ಷದ ಕೋಟಾ ಲೆಕ್ಕ ಶುರುವಾಗೋದು ಏಪ್ರಿಲ್ 1ಕ್ಕೆ. ಭರಣಿ ಮಳೆ ಹುಟ್ಟೋದು ಏಪ್ರಿಲ್ ಕೊನೆಗೆ. ಠರಾವು ಹೋಗಬೇಕಾದ್ದು ಅದಕ್ಕೂ ಮುಂಚೆ, ಶಿವರಾತ್ರಿ ಆಸುಪಾಸಿನ ಗ್ರಾಮಸಭೆಯಿಂದ.